ಕೆಳಮನೆಯ ಶೋಕೇಸ್ ನಡುಗದ ಹಾಗೆ ಟ್ಯೂಬ್ ಆಂಪ್: ಫ್ಲ್ಯಾಟ್‌ನಲ್ಲಿ ಒಳ್ಳೆಯ ಗಿಟಾರ್ ಟೋನ್ ಪಡೆಯುವ ಸಮಗ್ರ ಮಾರ್ಗದರ್ಶಿ

ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದ ಹೊಸತರಲ್ಲಿ ನಾನು 15 ವ್ಯಾಟಿನ ಟ್ಯೂಬ್ ಆಂಪ್ ಕೊಂಡೆ. ಹದಿನೈದೇ ವ್ಯಾಟ್, ಮನೆಗೆ ಹೆಚ್ಚೇನಲ್ಲ ಎಂದುಕೊಂಡಿದ್ದೆ. ಕೆಲವು ತಿಂಗಳು ಕಳೆದ ಮೇಲೆ ಗಣಪತಿ ಹಬ್ಬದ ಪ್ರಸಾದ ಕೊಡಲು ಕೆಳಮನೆಗೆ ಹೋದೆ. ಅಲ್ಲಿರುವವರು ಬೆಳಗಾವಿ ಕಡೆಯ ಕಾಕು. ನಾನು ಸೋಫಾದಲ್ಲಿ ಕೂತಿದ್ದಾಗ ಮೇಲೆ ನನ್ನ ತಮ್ಮ ನುಡಿಸುತ್ತಿದ್ದ. ಅವನು ಎ ತಂತಿ ಮೀಟಿದಾಗಲೆಲ್ಲ ಎದುರಿನ ಶೋಕೇಸಿನ ಜಾರುವ ಗಾಜು ಝಿರ್ ಎನ್ನಲು ಹೊರಟು ಅಲ್ಲೇ ತಡೆಯುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಎರಡು ಗಾಜಿನ ನಡುವೆ ನಾಲ್ಕು ಮಡಿಕೆ ಮಾಡಿದ ಮರಾಠಿ ಪೇಪರಿನ ತುಂಡು. ಗಾಜು ಅದುರದಿರಲಿ ಎಂದು ಕಾಕು ಅದನ್ನು ಸಿಕ್ಕಿಸಿ ಎಷ್ಟು ದಿನವಾಗಿತ್ತೋ, ಅಂಚು ಹಳದಿಯಾಗಿತ್ತು. ಒಂದು ದಿನವೂ ಮೇಲೆ ಬಂದು ದೂರಿರಲಿಲ್ಲ.

“ಚಂದ ಬಾರಸ್ತೀರಿ ಅಣ್ಣ-ತಮ್ಮ ಇಬ್ರೂ. ಆದ್ರ ನಮಗ ಹಾಡು ಕೇಳಸೂದಿಲ್ಲಪಾ, ಬರೇ ಧುಮ್ ಧುಮ್ ಅಷ್ಟ ಕೇಳಸ್ತದ” ಅಂದರು.

ಆ ಮಾತಿನಲ್ಲಿ ಇಡೀ ವಿಷಯ ಇದೆ. ನಾವು ಟೋನ್ ಎಂದು ಪ್ರೀತಿಸುವ ಮಿಡ್ (ನಡುದನಿ), ಟ್ರೆಬಲ್ (ಮೇಲಿನ ದನಿ), ಒಡೆದ ದನಿ ಅಂದರೆ ಡಿಸ್ಟಾರ್ಷನ್‌ನ ಹುರುಪು ಎಲ್ಲವನ್ನೂ ಗೋಡೆ ಮತ್ತು ಸ್ಲ್ಯಾಬ್ ನುಂಗಿಬಿಡುತ್ತವೆ. ಕೆಳಗೆ ಇಳಿಯುವುದು ಬೇಸ್ (ತಗ್ಗು ದನಿ) ಒಂದೇ. ಫ್ಲ್ಯಾಟ್‌ನಲ್ಲಿ ನುಡಿಸುವವರು ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ಮಾಡಬೇಕು. ಟೋನ್ ಹುಟ್ಟಿಸುವುದು ಒಂದು. ಹುಟ್ಟಿದ ಟೋನ್ ಎಷ್ಟು ಜೋರಾಗಿ, ಯಾವ ದಾರಿಯಲ್ಲಿ ಹೊರಗೆ ಹೋಗಬೇಕು ಎಂದು ತೀರ್ಮಾನಿಸುವುದು ಇನ್ನೊಂದು. ವಾಲ್ಯೂಮ್ ನಾಬ್ ಒಂದರಿಂದಲೇ ಎರಡನ್ನೂ ಮಾಡಲು ಹೋದಾಗ ಟೋನೂ ಕೆಡುತ್ತದೆ, ನೆರೆಮನೆಯ ನೆಮ್ಮದಿಯೂ ಕೆಡುತ್ತದೆ.

ಟೋನ್ ಎಲ್ಲೆಲ್ಲಿ ಹುಟ್ಟುತ್ತದೆ

ನಮ್ಮಜ್ಜನ ಮನೆಯಲ್ಲಿ ವಾಲ್ವ್ ರೇಡಿಯೊ ಇತ್ತು. ಸ್ವಿಚ್ ಹಾಕಿ ಅರ್ಧ ನಿಮಿಷ ಕಾದರೆ ಹಿಂಬದಿಯ ರಂಧ್ರಗಳಲ್ಲಿ ಕಿತ್ತಳೆ ಬೆಳಕು ಕಾಣುತ್ತಿತ್ತು, ಆಮೇಲೆ ದನಿ. ಗಿಟಾರ್ ಆಂಪ್‌ನ ಟ್ಯೂಬ್ ಅದೇ ವಾಲ್ವ್. ಆ ಕಾಲದ ಹಲವು ರೇಡಿಯೊಗಳಲ್ಲಿದ್ದ ಇಎಲ್84 ಇವತ್ತಿನ ಎಷ್ಟೋ ಸಣ್ಣ ಆಂಪ್‌ಗಳಲ್ಲೂ ಇದೆ. ಬೆಂಗಳೂರಿನ ಬಿಇಎಲ್ ಕೂಡ ಒಂದು ಕಾಲದಲ್ಲಿ ವಾಲ್ವ್ ತಯಾರಿಸುತ್ತಿತ್ತು.

ಆಂಪ್‌ನಲ್ಲಿ ದನಿ ಮೂರು ಕಡೆ ಬಣ್ಣ ಪಡೆಯುತ್ತದೆ. ಮೊದಲನೆಯದು ಪ್ರೀಆಂಪ್. ಅಲ್ಲಿರುವುದು ಸಾಮಾನ್ಯವಾಗಿ 12ಎಎಕ್ಸ್7, ಅದರದೇ ಯುರೋಪಿನ ಹೆಸರು ಇಸಿಸಿ83. ಗೇನ್ ನಾಬ್ ತಿರುಗಿಸಿದರೆ ದನಿ ಒಡೆಯುವುದು ಈ ಹಂತದಲ್ಲಿ. ಇದಕ್ಕೂ ಜೋರಿಗೂ ಸಂಬಂಧವಿಲ್ಲ, ಪಿಸುಮಾತಿನ ಮಟ್ಟದಲ್ಲೂ ಪ್ರೀಆಂಪ್ ಡಿಸ್ಟಾರ್ಷನ್ ಪೂರ್ತಿ ಸಿಗುತ್ತದೆ. ಎರಡನೆಯದು ಪವರ್ ಹಂತ: ಇಎಲ್84, ಇಎಲ್34, 6ವಿ6, 6ಎಲ್6 ಮತ್ತು ಅವುಗಳ ಮುಂದಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಜೋರಾಗಿ ಮೀಟಿದಾಗ ದನಿ ಒಂದು ಕ್ಷಣ ಕುಗ್ಗಿ ಮತ್ತೆ ಅರಳುತ್ತದಲ್ಲ, ಬೆರಳಿಗೇ ಗೊತ್ತಾಗುವ ಆ ಸುಖ ಬಹುಪಾಲು ಇಲ್ಲಿಯದು. ಇದು ಬೇಕಾದರೆ ಪವರ್ ಟ್ಯೂಬ್ ನಿಜವಾಗಿ ದುಡಿಯಬೇಕು. ಮೂರನೆಯದು ಸ್ಪೀಕರ್. ಕಾಗದದ ಕೋನ್ ಜೋರಾಗಿ ಅಲುಗಿದಾಗ ತಾನೂ ದನಿಯನ್ನು ಸ್ವಲ್ಪ ಒಡೆಯುತ್ತದೆ.

ನಿಮಗೆ ಬೇಕಾದ ಟೋನ್ ಯಾವ ಹಂತದ್ದು ಎಂದು ಮೊದಲು ತಿಳಿದುಕೊಳ್ಳಿ. ಬಿಗಿಯಾದ ಹೆವಿ ರಿದಮ್ ನುಡಿಸುವವರಿಗೆ ಹೆಚ್ಚಿನದು ಪ್ರೀಆಂಪ್‌ನಲ್ಲೇ ಇದೆ, ಅವರಿಗೆ ಪವರ್ ತಗ್ಗಿಸುವ ಪೆಟ್ಟಿಗೆಯಾದ ಅಟೆನ್ಯುಯೇಟರ್‌ಗೆ ಹಣ ಹಾಕುವ ಅಗತ್ಯವೇ ಬರಲಿಕ್ಕಿಲ್ಲ. ಹಳೆಯ ಬ್ಲೂಸ್, ಎಪ್ಪತ್ತರ ದಶಕದ ರಾಕ್ ಇಷ್ಟಪಡುವವರಿಗೆ ಪವರ್ ಹಂತ ಬೇಕು. ಕಷ್ಟವೆಲ್ಲ ಇವರದು.

ವ್ಯಾಟ್ ಲೆಕ್ಕ ಒಮ್ಮೆ ಮಾಡಿ ನೋಡಿ

ಕಿವಿಗೆ ದನಿ ದುಪ್ಪಟ್ಟಾಯಿತು ಎನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ಪವರ್ ಬೇಕು. 50 ವ್ಯಾಟಿನ ಬದಲು 5 ವ್ಯಾಟಿನ ಆಂಪ್ ತಂದರೆ ದನಿ ಅರ್ಧಕ್ಕಿಳಿದಂತೆ ಕೇಳುತ್ತದೆ, ಹತ್ತನೇ ಒಂದಕ್ಕಲ್ಲ. 30ರಿಂದ 15ಕ್ಕೆ ಇಳಿದರೆ ಬರೀ 3 ಡೆಸಿಬೆಲ್.

ಸೆಲೆಷನ್ ಗ್ರೀನ್‌ಬ್ಯಾಕ್ ಸ್ಪೀಕರಿನ ಸೆನ್ಸಿಟಿವಿಟಿ 98 ಡೆಸಿಬೆಲ್. ಅಂದರೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 98 ಡೆಸಿಬೆಲ್. ವಿಂಟೇಜ್ 30 ಆದರೆ 100. 15 ವ್ಯಾಟ್ ಪೂರ್ತಿ ಕೊಟ್ಟರೆ ಗ್ರೀನ್‌ಬ್ಯಾಕ್ ಸುಮಾರು 110 ಮುಟ್ಟುತ್ತದೆ. ಫ್ಲ್ಯಾಟ್‌ನಲ್ಲಿ ಸಂಜೆ ಹೊತ್ತು ನಾವು ಇರಬೇಕಾದದ್ದು 70ರ ಆಸುಪಾಸು. ಆ 70ಕ್ಕೆ ಈ ಸ್ಪೀಕರ್ ಕೇಳುವ ಪವರ್ ಒಂದು ವ್ಯಾಟಿನ ಸಾವಿರ ಭಾಗಗಳಲ್ಲಿ ಒಂದೂವರೆ ಭಾಗದಷ್ಟು, ಸುಮಾರು 1.6 ಮಿಲಿವ್ಯಾಟ್. ಪೂರ್ತಿ ದುಡಿಯುವ 15 ವ್ಯಾಟಿನ ಆಂಪನ್ನು ಅಲ್ಲಿಗೆ ಇಳಿಸಬೇಕಾದರೆ 40 ಡೆಸಿಬೆಲ್ ತೆಗೆಯಬೇಕು.

ಹಾಗಾಗಿ ‘1 ವ್ಯಾಟಿನ ಆಂಪ್ ಕೊಂಡರೆ ಸಮಸ್ಯೆ ಮುಗಿಯಿತು’ ಎಂಬ ಮಾತು ನಿಜವಲ್ಲ. ಒಂದು ವ್ಯಾಟಿನ ಆಂಪ್ ಪೂರ್ತಿ ತಿರುಗಿಸಿದರೆ ಪಕ್ಕದ ಮನೆಯ ಮಗು ಖಂಡಿತ ಏಳುತ್ತದೆ.

ಮೊದಲ ಹೆಜ್ಜೆ: ಆಂಪ್ ನೆಲ ಬಿಡಲಿ

ಇದಕ್ಕೆ ಹೆಚ್ಚು ಖರ್ಚಿಲ್ಲ, ನನ್ನ ಮನೆಯಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದೂ ಇದೇ. ನೆಲದ ಮೇಲಿಟ್ಟ ಕ್ಯಾಬಿನೆಟ್ ತನ್ನ ಅದುರನ್ನು ನೇರವಾಗಿ ಸ್ಲ್ಯಾಬ್‌ಗೆ ಕೊಡುತ್ತದೆ, ಆ ಸ್ಲ್ಯಾಬೇ ಕೆಳಮನೆಯ ಸೀಲಿಂಗ್. ಗಾಳಿಯಲ್ಲಿ ಹೋಗುವ ದನಿಗಿಂತ ಕಾಂಕ್ರೀಟಿನಲ್ಲಿ ಹೋಗುವ ದನಿ ದೂರ ಮುಟ್ಟುತ್ತದೆ. ಮೇಲಿನ ಮನೆಯಲ್ಲಿ ಕಲ್ಲಿನಲ್ಲಿ ಕುಟ್ಟಿದರೆ ಎರಡು ಮಹಡಿ ಕೆಳಗೂ ಕೇಳುವುದು ಇದಕ್ಕೇ.

ಆಂಪನ್ನು ಗಟ್ಟಿಯಾದ ಸ್ಟೂಲ್ ಅಥವಾ ಕುರ್ಚಿಯ ಮೇಲಿಡಿ. ಸ್ಟೂಲಿನ ಕಾಲುಗಳ ಕೆಳಗೆ ವಾಷಿಂಗ್ ಮಷೀನಿಗೆ ಹಾಕುವ ದಪ್ಪ ರಬ್ಬರ್ ಪ್ಯಾಡ್ ಇಡಿ. ಆಂಪ್ ಮತ್ತು ಸ್ಟೂಲಿನ ನಡುವೆ ನಾನು ಅವ್ವ ಹೊಲಿದ ಹಳೆಯ ಕೌದಿಯನ್ನು ನಾಲ್ಕು ಪದರ ಮಡಿಸಿ ಹಾಕಿದ್ದೇನೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಕಿ ಒತ್ತಾಗಿ ಹೊಲಿದದ್ದರಿಂದ ಅದು ಫೋಮಿಗಿಂತ ಭಾರ, ಆಂಪ್ ಅಲುಗಾಡದೆ ಕೂರುತ್ತದೆ.

ಎತ್ತರದಲ್ಲಿಟ್ಟರೆ ಇನ್ನೊಂದು ಲಾಭವಿದೆ. ಗಿಟಾರ್ ಸ್ಪೀಕರಿನ ಟ್ರೆಬಲ್ ಟಾರ್ಚ್ ಬೆಳಕಿನಂತೆ ನೇರ ಮುಂದಕ್ಕೆ ಹೋಗುತ್ತದೆ. ನೆಲದ ಮೇಲಿದ್ದರೆ ಅದು ನಿಮ್ಮ ಮೊಣಕಾಲಿಗೆ ಬಡಿಯುತ್ತದೆ, ಕಿವಿಗೆ ಬರುವುದು ಮಂಕು ದನಿ. ಮಂಕು ಎನ್ನಿಸಿದಾಗ ನೀವು ವಾಲ್ಯೂಮ್ ಏರಿಸುತ್ತೀರಿ. ಕಿವಿಯ ಎತ್ತರಕ್ಕೆ ಓರೆಯಾಗಿ ನಿಲ್ಲಿಸಿ, ಒಂದೂವರೆ ಮೀಟರ್ ದೂರ ಕೂತು ನುಡಿಸಿ. ಅರ್ಧ ವಾಲ್ಯೂಮಿನಲ್ಲೇ ಮನಸ್ಸು ತುಂಬುತ್ತದೆ.

ಮೂಲೆಯಲ್ಲಿ ಇಡಬೇಡಿ, ಮೂಲೆ ಬೇಸನ್ನು ಉಬ್ಬಿಸುತ್ತದೆ. ಮುಂಬಯಿಯ ಕೋಣೆಗಳ ಅಳತೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹತ್ತಡಿ ಅಗಲದ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಪುಟಿಯುವ ಅಲೆ 56 ಮತ್ತು 112 ಹರ್ಟ್ಸ್ ಸುತ್ತ ಬಲಗೊಳ್ಳುತ್ತದೆ. ಗಿಟಾರಿನ ಎ ತಂತಿ 110 ಹರ್ಟ್ಸ್. ಕಾಕುವಿನ ಶೋಕೇಸ್ ಯಾಕೆ ಅದೇ ತಂತಿಗೆ ನಡುಗುತ್ತಿತ್ತು ಎಂಬುದು ನನಗೆ ಹೊಳೆದದ್ದು ಈ ಲೆಕ್ಕ ಮಾಡಿದ ದಿನ. ಆಂಪನ್ನು ಗೋಡೆಯಿಂದ ಎರಡಡಿ ಸರಿಸಿ, ಆಮೇಲೆ ಅರ್ಧರ್ಧ ಅಡಿ ಹಿಂದೆ ಮುಂದೆ ಮಾಡುತ್ತ ಎ ತಂತಿ ಎಲ್ಲಿ ಉಬ್ಬುವುದಿಲ್ಲ ಎಂದು ಹುಡುಕಿ.

ಗೋಡೆಗೆ ಅಂಟಿಸುವ ಮೊಟ್ಟೆ-ಟ್ರೇ ಆಕಾರದ ಫೋಮ್ ನೆರೆಮನೆಗೆ ದನಿ ಹೋಗುವುದನ್ನು ತಡೆಯುವುದಿಲ್ಲ. ಅದು ಕೋಣೆಯೊಳಗಿನ ಪ್ರತಿಧ್ವನಿಯನ್ನಷ್ಟೇ ತಗ್ಗಿಸುತ್ತದೆ. ದನಿ ತಡೆಯಲು ಬೇಕಾದದ್ದು ತೂಕ. ಬಟ್ಟೆ ತುಂಬಿದ ಕಪಾಟು ಪಕ್ಕದ ಮನೆಯ ಗೋಡೆಗೆ ಒರಗಿದ್ದರೆ ಫೋಮಿಗಿಂತ ಎಷ್ಟೋ ಮೇಲು. ಆದರೂ ಬೇಸ್ ಹೋಗಿಯೇ ಹೋಗುತ್ತದೆ, ಏಕೆಂದರೆ ದನಿಯ ಆವರ್ತನ ಅರ್ಧಕ್ಕೆ ಇಳಿದಂತೆಲ್ಲ ಗೋಡೆಯ ತಡೆಯುವ ಶಕ್ತಿ ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ.

ಎರಡನೆಯದು: ಕೆಳಗೆ ಹೋಗಿ ಕೇಳಿ

ನಾಬ್ ಮುಟ್ಟುವ ಮೊದಲು ಕೆಳಮನೆಯವರ ಬಾಗಿಲು ತಟ್ಟಿ. ಯಾರನ್ನಾದರೂ ಮೇಲೆ ನುಡಿಸಲು ಹೇಳಿ, ನೀವು ಅವರ ಹಾಲ್‌ನಲ್ಲಿ, ಮಲಗುವ ಕೋಣೆಯಲ್ಲಿ ಐದು ನಿಮಿಷ ನಿಲ್ಲಿ. ಫೋನಿನಲ್ಲಿ ಡೆಸಿಬೆಲ್ ಅಳೆಯುವ ಆ್ಯಪ್ ಇದ್ದರೆ ಅದನ್ನು ‘ಸಿ’ ತೂಕಕ್ಕೆ (ಸಿ ವೇಟಿಂಗ್, ಬೇಸನ್ನೂ ಹೆಚ್ಚುಕಡಿಮೆ ಪೂರ್ತಿ ಲೆಕ್ಕಕ್ಕೆ ತೆಗೆದುಕೊಳ್ಳುವ ಅಳತೆ) ಇಟ್ಟುಕೊಳ್ಳಿ. ಸಾಮಾನ್ಯವಾಗಿ ಇರುವ ‘ಎ’ ತೂಕ 100 ಹರ್ಟ್ಸ್ ದನಿಯನ್ನು 19 ಡೆಸಿಬೆಲ್ ಕಡಿಮೆ ತೋರಿಸುತ್ತದೆ. ಕೆಳಗಿನವರನ್ನು ಕಾಡುವ ದನಿಯೇ ಅದರಲ್ಲಿ ಕಾಣೆಯಾಗುತ್ತದೆ.

ಈ ಭೇಟಿಯಿಂದ ನನಗೆ ಇನ್ನೊಂದು ಗೊತ್ತಾಯಿತು. ಕಾಕು ಮಧ್ಯಾಹ್ನ ಎರಡರಿಂದ ನಾಲ್ಕು ಮಲಗುತ್ತಾರೆ. ಸಂಜೆ ಆರರಿಂದ ಎಂಟು ಅವರ ಮನೆಯಲ್ಲಿ ಟಿವಿ. ಆ ಎರಡು ತಾಸು ನನ್ನದಾಯಿತು.

ಮೂರನೆಯದು: ನಾಬ್‌ಗಳನ್ನು ಮನೆಯ ಕಿವಿಗೆ ಹೊಂದಿಸುವುದು

ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದ್ದು ಇದು: ದನಿ ಇಳಿದಂತೆಲ್ಲ ನಮ್ಮ ಕಿವಿಗೆ ಬೇಸ್ ಮತ್ತು ತೀರಾ ಮೇಲಿನ ಟ್ರೆಬಲ್ ಹೆಚ್ಚು ಬೇಗ ಕಾಣೆಯಾಗುತ್ತವೆ, ಮಿಡ್ ಉಳಿಯುತ್ತದೆ. ಮೆಲ್ಲಗೆ ನುಡಿಸಿದಾಗ ಆಂಪ್ ಪೇಲವ ಎನ್ನಿಸುವುದಕ್ಕೆ ಅರ್ಧ ಕಾರಣ ಆಂಪ್ ಅಲ್ಲ, ಕಿವಿ. ಆಗ ಕೈ ತಾನಾಗಿ ಬೇಸ್ ನಾಬ್‌ಗೆ ಹೋಗುತ್ತದೆ. ಕೆಳಗಿನವರಿಗೆ ಕೇಳುವುದೂ ಅದೇ ಬೇಸ್.

ಇದಕ್ಕೆ ನಾನು ಕಂಡುಕೊಂಡ ದಾರಿ, ದನಿಯ ಮೈಯನ್ನು ಬೇಸಿನಿಂದಲ್ಲ, 200ರಿಂದ 500 ಹರ್ಟ್ಸ್‌ನ ಕೆಳಮಿಡ್‌ನಿಂದ ತುಂಬುವುದು. ಮಾರ್ಷಲ್ ಬಗೆಯ ಆಂಪ್‌ನಲ್ಲಿ ಬೇಸ್ 3, ಮಿಡ್ 7, ಟ್ರೆಬಲ್ 5, ಪ್ರೆಸೆನ್ಸ್ 4ರಿಂದ ಶುರು ಮಾಡಿ. ಫೆಂಡರ್ ಬಗೆಯದರ ಟೋನ್ ವಿನ್ಯಾಸದಲ್ಲೇ ಮಿಡ್ ತಗ್ಗಿರುತ್ತದೆ, ಅಲ್ಲಿ ಮಿಡ್ ನಾಬ್ ಇದ್ದರೆ ಪೂರ್ತಿ ತಿರುಗಿಸಿ, ಬೇಸ್ 2ಕ್ಕೆ ಇಳಿಸಿ. ಡೆಪ್ತ್ ಅಥವಾ ರೆಸೊನೆನ್ಸ್ ಎಂಬ ನಾಬ್ ಇದ್ದರೆ ಮನೆಯಲ್ಲಿ ಅದು ಸೊನ್ನೆಯಲ್ಲೇ ಇರಲಿ. ಮೊದಲ ಹತ್ತು ನಿಮಿಷ ದನಿ ತೆಳುವೆನ್ನಿಸುತ್ತದೆ. ಕಿವಿ ಒಗ್ಗಲು ಬಿಡಿ, ನಡುವೆ ನಾಬ್ ಮುಟ್ಟಬೇಡಿ.

ಗೇನ್ ವಿಷಯದಲ್ಲಿ ಎರಡು ಮಾತು. ಮನೆಯಲ್ಲಿ ಹೆಚ್ಚಿನವರು ಗೇನ್ ಅತಿಯಾಗಿ ಇಡುತ್ತಾರೆ, ಜೋರಿನಿಂದ ಬರುವ ಉದ್ದದ ನಾದ ಇಲ್ಲದ್ದನ್ನು ಗೇನ್‌ನಿಂದ ತುಂಬಿಸಲು ನೋಡುತ್ತಾರೆ. ಅದರಿಂದ ಸ್ವರಗಳ ಅಂಚು ಅಳಿಸಿ ಗುಂಯ್‌ಗುಡುವಿಕೆ ಉಳಿಯುತ್ತದೆ. ಬೇಕೆನಿಸಿದ ಜಾಗಕ್ಕಿಂತ ಒಂದೂವರೆ ಅಂಕ ಕೆಳಗಿಡಿ. ಇನ್ನೊಂದು, ಹಲವು ಆಂಪ್‌ಗಳ ಗೇನ್ ನಾಬ್‌ಗೆ ಬ್ರೈಟ್ ಕೆಪಾಸಿಟರ್ ಬೆಸೆದಿರುತ್ತದೆ. ನಾಬ್ ಕೆಳಗಿದ್ದಾಗ ಅದು ಟ್ರೆಬಲನ್ನು ಮಾತ್ರ ದಾಟಿಸಿ ದನಿಯನ್ನು ಚುಚ್ಚುವಂತೆ ಮಾಡುತ್ತದೆ. ನಿಮ್ಮ ಆಂಪ್ ಗೇನ್ 3ರಲ್ಲಿ ಕಿವಿ ಕೊರೆದರೆ ಗೇನನ್ನು 5ಕ್ಕೆ ಒಯ್ದು ಗಿಟಾರಿನ ವಾಲ್ಯೂಮನ್ನು 7ಕ್ಕೆ ಇಳಿಸಿ ನೋಡಿ. ದನಿ ದುಂಡಗಾಗುತ್ತದೆ.

ಮಾಸ್ಟರ್, ಅಂದರೆ ಒಟ್ಟು ದನಿ ಏರಿಳಿಸುವ ನಾಬಿನಲ್ಲಿ, ತೀರಾ ಕೆಳಗೆ ಒಂದು ಹಟಮಾರಿ ಜಾಗ ಇರುತ್ತದೆ. ಕೂದಲೆಳೆ ಅಲುಗಿದರೂ ದನಿ ಸೊನ್ನೆಯಿಂದ ಗದ್ದಲಕ್ಕೆ ಜಿಗಿಯುತ್ತದೆ. ಆಂಪ್‌ಗೆ ಎಫೆಕ್ಟ್ಸ್ ಲೂಪ್ (ಪ್ರೀಆಂಪ್ ಮತ್ತು ಪವರ್ ಹಂತದ ನಡುವೆ ಪೆಡಲ್ ಸೇರಿಸಲು ಇರುವ ‘ಸೆಂಡ್’, ‘ರಿಟರ್ನ್’ ಜ್ಯಾಕ್) ಇದ್ದರೆ ಇದಕ್ಕೆ ಅಗ್ಗದ ಮದ್ದಿದೆ. ಸೆಂಡ್ ಮತ್ತು ರಿಟರ್ನ್ ನಡುವೆ ಸಣ್ಣ ವಾಲ್ಯೂಮ್ ಪೆಟ್ಟಿಗೆ ಹಾಕಿ, ಮಾಸ್ಟರನ್ನು 4ಕ್ಕೆ ಒಯ್ದು, ದನಿಯನ್ನು ಆ ಪೆಟ್ಟಿಗೆಯಿಂದ ಇಳಿಸಿ. ಪೆಟ್ಟಿಗೆ ಅಂದರೆ ಎರಡು ಜ್ಯಾಕ್, ಒಂದು ಪೊಟೆನ್ಷಿಯೊಮೀಟರ್ ಅಷ್ಟೇ, ಲ್ಯಾಮಿಂಗ್ಟನ್ ರೋಡಿನಲ್ಲಿ ಬಿಡಿಭಾಗ ಕೊಂಡು ಅರ್ಧ ಗಂಟೆಯಲ್ಲಿ ಬೆಸೆಯಬಹುದು. ಪವರ್ ಟ್ಯೂಬ್‌ಗೆ ಇದರಿಂದ ಏನೂ ಲಾಭವಿಲ್ಲ. ದನಿಯನ್ನು ಎಳೆ ಎಳೆಯಾಗಿ ಇಳಿಸುವ ಹಿಡಿತ ಮಾತ್ರ ಸಿಗುತ್ತದೆ. ಅದೇ ಜಾಗದಲ್ಲಿ ಹತ್ತು ಬ್ಯಾಂಡಿನ ಈಕ್ಯೂ (ಬೇರೆ ಬೇರೆ ಆವರ್ತನಗಳನ್ನು ಬೇರೆಯಾಗಿ ಏರಿಳಿಸುವ) ಪೆಡಲ್ ಇದ್ದರಂತೂ 100 ಹರ್ಟ್ಸ್ ಸುತ್ತಲಿನದನ್ನು 6 ಡೆಸಿಬೆಲ್ ಕತ್ತರಿಸಿ 400 ಹರ್ಟ್ಸ್ 3 ಏರಿಸಬಹುದು. ಕಾಕುವಿನ ಶೋಕೇಸಿಗೆ ಕೊನೆಗೂ ಶಾಂತಿ ಕೊಟ್ಟದ್ದು ಸ್ಟೂಲ್ ಮತ್ತು ಈ ಪೆಡಲ್ ಎರಡೂ ಸೇರಿ.

ನಾಲ್ಕನೆಯದು: ಪೆಡಲ್‌ನಿಂದ ನೂಕು

ಪವರ್ ಟ್ಯೂಬ್ ದುಡಿಯದಿದ್ದಾಗ ಕಳೆದುಹೋಗುವುದು ಆ ಕುಗ್ಗಿ ಅರಳುವ ಗುಣ. ಅದಕ್ಕೆ ಹತ್ತಿರದ್ದನ್ನು ಓವರ್‌ಡ್ರೈವ್ ಪೆಡಲ್ ಕೊಡುತ್ತದೆ. ಐಬನೆಜ್ ಟ್ಯೂಬ್ ಸ್ಕ್ರೀಮರ್ ಬಗೆಯದು 720 ಹರ್ಟ್ಸ್ ಸುತ್ತ ಮಿಡ್ ಉಬ್ಬಿಸಿ ಬೇಸ್ ಸೋಸುತ್ತದೆ, ನಮಗೆ ಬೇಕಾದದ್ದೂ ಅದೇ. ಡ್ರೈವ್ 1ರಲ್ಲಿ, ಲೆವೆಲ್ 7ರಲ್ಲಿ ಇಟ್ಟು, ಮೊದಲೇ ಸ್ವಲ್ಪ ಕರಕರ ಎನ್ನುತ್ತಿರುವ ಆಂಪ್‌ನೊಳಗೆ ನೂಕಿ. ಡಿಸ್ಟಾರ್ಷನ್ ಪೆಡಲ್‌ನಿಂದ ಬರಬಾರದು, ಪೆಡಲ್ ನೂಕಿದ 12ಎಎಕ್ಸ್7ನಿಂದ ಬರಬೇಕು. ಬಾಸ್ ಎಸ್‌ಡಿ-1 ಕೂಡ ಈ ಕೆಲಸವನ್ನು ಚೆನ್ನಾಗಿ, ಕಡಿಮೆ ಬೆಲೆಯಲ್ಲಿ ಮಾಡುತ್ತದೆ.

ಕ್ಲೀನ್, ಅಂದರೆ ದನಿ ಒಡೆಯದಂತೆ ನುಡಿಸುವವರು ಹಗುರವಾದ ಕಂಪ್ರೆಸರ್ (ಜೋರು-ಮೆಲುವಿನ ಅಂತರ ತಗ್ಗಿಸುವ ಪೆಡಲ್) ಇಟ್ಟುಕೊಳ್ಳಿ. ಸಣ್ಣ ಕೋಣೆಯ ಒಣ ದನಿಗೆ ಚಿಕ್ಕ ರೂಮ್ ರಿವರ್ಬ್ ಸ್ವಲ್ಪವೇ ಸೇರಿಸಿದರೂ ಆಂಪ್ ದೊಡ್ಡದಾದಂತೆ ಕೇಳುತ್ತದೆ.

ಐದನೆಯದು: ಅಟೆನ್ಯುಯೇಟರ್, ಎಚ್ಚರಿಕೆಯಿಂದ

ಆಂಪ್‌ನ ಸ್ಪೀಕರ್ ಔಟ್ ಮತ್ತು ಸ್ಪೀಕರ್ ನಡುವೆ ಕೂತು ಪವರನ್ನು ಶಾಖವಾಗಿ ಕರಗಿಸುವ ಪೆಟ್ಟಿಗೆ ಇದು. ಬಾಸ್ಟನ್ ಬ್ಯಾಂಡಿನ ಗಿಟಾರಿಸ್ಟ್, ಎಂಐಟಿಯಲ್ಲಿ ಓದಿದ ಎಂಜಿನಿಯರ್ ಟಾಮ್ ಶೋಲ್ಜ್ ಹೊರತಂದ ಪವರ್ ಸೋಕ್ ಈ ಬಗೆಯ ಹೆಸರಾಂತ ಪೆಟ್ಟಿಗೆಗಳಲ್ಲಿ ಒಂದು. ಪವರ್ ಟ್ಯೂಬ್ ನಿಜವಾಗಿ ದುಡಿದು ದನಿ ಮಾತ್ರ ಇಳಿಯಬೇಕಾದರೆ ಇದೇ ದಾರಿ.

ಬರೀ ರೆಸಿಸ್ಟರ್‌ಗಳಿರುವ ಅಗ್ಗದವು ದನಿಯನ್ನು ಬೇಗ ಮಂಕಾಗಿಸುತ್ತವೆ. ಸ್ಪೀಕರಿನ ಇಂಪೀಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ, ಓಮ್ ಲೆಕ್ಕದಲ್ಲಿ) ಎಲ್ಲ ಸ್ವರಗಳಿಗೂ ಒಂದೇ ಆಗಿರುವುದಿಲ್ಲ, ಆಂಪ್ ಅದಕ್ಕೆ ತಕ್ಕಂತೆ ಸ್ಪಂದಿಸುತ್ತದೆ. ಕಾಯಿಲ್, ಕೆಪಾಸಿಟರ್ ಸೇರಿಸಿ ಆ ಏರಿಳಿತವನ್ನು ಅನುಕರಿಸುವ ರಿಯಾಕ್ಟಿವ್ ಬಗೆಯವು ದುಬಾರಿ, ಆದರೆ ಬೆರಳಿಗೆ ಆ ವ್ಯತ್ಯಾಸ ತಿಳಿಯುತ್ತದೆ. ಯಾವುದೇ ಆಗಲಿ, 12ರಿಂದ 15 ಡೆಸಿಬೆಲ್ ಇಳಿಸುವವರೆಗೆ ನನಗೆ ಸಮಾಧಾನ. ಅದರಾಚೆ ಸ್ಪೀಕರ್ ಅಲುಗುವುದನ್ನೇ ಬಿಡುತ್ತದೆ, ಕಿವಿಯೂ ಬೇಸ್ ಬಿಡುತ್ತದೆ.

ಇಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬಾರದು. ಒಂದು ರಾತ್ರಿ ಸ್ಪೀಕರ್ ಕೇಬಲ್ ಸಿಗದೆ, ಆಂಪ್‌ನಿಂದ ಅಟೆನ್ಯುಯೇಟರ್‌ಗೆ ಗಿಟಾರ್ ಕೇಬಲನ್ನೇ ಹಾಕಿದೆ. ಎರಡರ ಜ್ಯಾಕ್ ನೋಡಲು ಒಂದೇ. ಆದರೆ ಗಿಟಾರ್ ಕೇಬಲಿನ ನಡುವಿನ ತಂತಿ ದಾರದಷ್ಟು ತೆಳು. ಇಪ್ಪತ್ತು ನಿಮಿಷದಲ್ಲಿ ಅದು ಕಾದು ಒಳಗೇ ತುಂಡಾಯಿತು. ದನಿ ನಿಂತಿತು, ಆಂಪ್ ಮಾತ್ರ ಲೋಡ್ (ಪವರ್ ಹೀರಿಕೊಳ್ಳುವ ಸ್ಪೀಕರ್ ಅಥವಾ ಪೆಟ್ಟಿಗೆ) ಇಲ್ಲದೆ ಪೂರ್ತಿ ದುಡಿಯುತ್ತಲೇ ಇತ್ತು. ಲೋಡ್ ಇಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ವಿಪರೀತ ಏರಿ ಒಳಗಿನ ಇನ್ಸುಲೇಷನ್ ಒಡೆಯುತ್ತದೆ. ಸುಟ್ಟ ವಾರ್ನಿಷಿನ ವಾಸನೆ ಬಂದ ಮೇಲೆ ಸ್ವಿಚ್ ತೆಗೆದು ಏನೂ ಉಪಯೋಗವಾಗಲಿಲ್ಲ. ಟ್ರಾನ್ಸ್‌ಫಾರ್ಮರ್ ಮತ್ತೆ ಸುತ್ತಿಸಿಕೊಳ್ಳಲು ಮೂರು ಶನಿವಾರ ಅಲೆದೆ.

ಹಾಗಾಗಿ ಇವನ್ನು ಬಿಡದೆ ಪಾಲಿಸಿ:

- ಟ್ಯೂಬ್ ಆಂಪನ್ನು ಸ್ಪೀಕರ್ ಅಥವಾ ಲೋಡ್ ಇಲ್ಲದೆ ಒಂದು ಕ್ಷಣವೂ ನುಡಿಸಬೇಡಿ.
- ಸ್ಪೀಕರ್ ಕೇಬಲ್‌ಗಳಿಗೆ ಕೆಂಪು ಟೇಪ್ ಸುತ್ತಿ ಬೇರೆಯೇ ಇಡಿ.
- 8 ಓಮ್ ಔಟ್‌ಗೆ 8 ಓಮ್ ಅಟೆನ್ಯುಯೇಟರ್, ಅದಕ್ಕೆ 8 ಓಮ್ ಕ್ಯಾಬಿನೆಟ್.
- ಪೂರ್ತಿ ತಿರುಗಿಸಿದ ಆಂಪ್ ತನ್ನ ಮೇಲೆ ಬರೆದ ವ್ಯಾಟಿಗಿಂತ ಬಹಳಷ್ಟು ಹೆಚ್ಚು ಕೊಡುತ್ತದೆ. ಅಟೆನ್ಯುಯೇಟರಿನ ಸಾಮರ್ಥ್ಯ ಆಂಪ್‌ನ ಎರಡು ಪಟ್ಟು ಇರಲಿ.
- ಅಟೆನ್ಯುಯೇಟರ್ ಬಿಸಿಯಾಗುತ್ತದೆ, ಮೇಲೆ ಬಟ್ಟೆ ಹಾಕಬೇಡಿ. ಟ್ಯೂಬ್‌ಗಳೂ ಬೇಗ ಸವೆಯುತ್ತವೆ.
- ಪ್ಲಗ್ ಕಿತ್ತರೂ ಆಂಪ್‌ನೊಳಗಿನ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ. ಬಲ್ಲವರಲ್ಲದೆ ಬೇರೆಯವರು ಒಳಗೆ ಕೈ ಹಾಕಬಾರದು.

ರಾಕ್ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್ ವೇರಿಯಾಕ್ (ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್) ಹಾಕಿ ಆಂಪ್‌ಗೆ ಹೋಗುವ ವೋಲ್ಟೇಜನ್ನೇ ಇಳಿಸುತ್ತಿದ್ದರು ಎಂದು ಓದಿ ಅದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ನಮ್ಮದು 230 ವೋಲ್ಟಿನ ಸಪ್ಲೈ, ಕೈ ತಪ್ಪಿದರೆ ಆಂಪ್ ಒಂದೇ ಹೋಗುವುದಿಲ್ಲ. ಅಮೆರಿಕದಿಂದ ತಂದ 120 ವೋಲ್ಟಿನ ಆಂಪ್ ಆದರೆ ಸಾಕಷ್ಟು ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಹಳೆಯ ಬಿಲ್ಡಿಂಗ್‌ಗಳಲ್ಲಿ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ. ತಂತಿ ಮುಟ್ಟಿದಾಗ ಬೆರಳು ಜುಮ್ ಎಂದರೆ ಆ ದಿನ ಗಿಟಾರ್ ಕೆಳಗಿಡಿ.

ಆರನೆಯದು: ರಾತ್ರಿಗೆ ಲೋಡ್ ಬಾಕ್ಸ್ ಮತ್ತು ಐಆರ್

ಮೇಲೆ ಲೆಕ್ಕ ಹಾಕಿದ 40 ಡೆಸಿಬೆಲ್ ನೆನಪಿದೆಯಲ್ಲ. ಅಷ್ಟು ಇಳಿಸಿ ಸ್ಪೀಕರಿನಿಂದ ಒಳ್ಳೆಯ ದನಿ ಬಯಸುವುದು ಆಗದ ಮಾತು. ಆಗ ಸ್ಪೀಕರನ್ನೇ ಬಿಟ್ಟುಬಿಡುವುದು ಲೇಸು. ಲೋಡ್ ಬಾಕ್ಸ್ ಆಂಪ್‌ನ ಪೂರ್ತಿ ಪವರ್ ನುಂಗಿ, ಒಂದು ಸಣ್ಣ ಸಿಗ್ನಲನ್ನು ಲೈನ್ ಔಟ್‌ನಲ್ಲಿ ಕೊಡುತ್ತದೆ. ಆ ಸಿಗ್ನಲನ್ನು ನೇರ ಹೆಡ್‌ಫೋನಿಗೆ ಹಾಕಿದರೆ ಡಬ್ಬದಲ್ಲಿ ಜೇನುಹುಳ ಕೂಡಿಟ್ಟಂತೆ ಕೇಳುತ್ತದೆ, ಏಕೆಂದರೆ ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಸ್ ಮೇಲಿನದನ್ನು ಬಹುಪಾಲು ಕತ್ತರಿಸುತ್ತದೆ, ಇಲ್ಲಿ ಆ ಕತ್ತರಿ ಇಲ್ಲ. ಐಆರ್, ಅಂದರೆ ಇಂಪಲ್ಸ್ ರೆಸ್ಪಾನ್ಸ್, ಆ ಜಾಗ ತುಂಬುತ್ತದೆ. ಒಂದು ಕ್ಯಾಬಿನೆಟ್, ಒಂದು ಮೈಕ್, ಒಂದು ಜಾಗ ಇವುಗಳ ದನಿಯ ಅಚ್ಚು ತೆಗೆದ ಸಣ್ಣ ಫೈಲ್ ಅದು.

ಟೂ ನೋಟ್ಸ್ ಕ್ಯಾಪ್ಟರ್ 4, 8, 16 ಓಮ್‌ಗೆ ಬೇರೆ ಬೇರೆಯಾಗಿ ಬರುತ್ತದೆ, ನಿಮ್ಮ ಆಂಪ್ ನೋಡಿ ಕೊಳ್ಳಿ. ಯೂನಿವರ್ಸಲ್ ಆಡಿಯೊ ಆಕ್ಸ್, ಬಾಸ್ ಟ್ಯೂಬ್ ಆಂಪ್ ಎಕ್ಸ್‌ಪ್ಯಾಂಡರ್ ಇವುಗಳಲ್ಲಿ ಕ್ಯಾಬಿನೆಟ್ ಅನುಕರಣೆ ಒಳಗೇ ಇದೆ, ಕಂಪ್ಯೂಟರ್ ಬೇಡ, ಆದರೆ ಬೆಲೆ ಹೆಚ್ಚು.

ಜೋಡಿಸುವ ಕ್ರಮ: ಆಂಪ್‌ನ ಸ್ಪೀಕರ್ ಔಟ್‌ನಿಂದ ಸ್ಪೀಕರ್ ಕೇಬಲಿನಲ್ಲಿ ಲೋಡ್ ಬಾಕ್ಸ್‌ಗೆ. ಅಲ್ಲಿನ ಲೈನ್ ಔಟ್‌ನಿಂದ ಆಡಿಯೊ ಇಂಟರ್‌ಫೇಸಿಗೆ (ದನಿಯನ್ನು ಐಆರ್ ಇರುವ ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆ). ಇಂಟರ್‌ಫೇಸಿನಲ್ಲಿ ‘ಇನ್‌ಸ್ಟ್ರುಮೆಂಟ್’ ಗುಂಡಿ ಒತ್ತಿರಬಾರದು, ಲೈನ್ ಇರಲಿ. ಜೋರಾಗಿ ಮೀಟಿದಾಗ ಮೀಟರ್ ಮೈನಸ್ 12 ಡೆಸಿಬೆಲ್ ಸುತ್ತ ಮುಟ್ಟಲಿ. ಸ್ಯಾಂಪಲ್ ದರ 48 ಕಿಲೋಹರ್ಟ್ಸ್, ಬಫರ್ 128 ಇಟ್ಟರೆ ಒಂದು ಬಫರಿನ ವಿಳಂಬ 2.7 ಮಿಲಿಸೆಕೆಂಡ್. ಹೋಗಿ ಬರುವ ಒಟ್ಟು ವಿಳಂಬ 10ರ ಒಳಗಿದ್ದರೆ ಬೆರಳಿಗೆ ಗೊತ್ತಾಗುವುದಿಲ್ಲ.

ಐಆರ್ ಆರಿಸುವಾಗ ನೂರಾರು ಫೈಲ್ ಇಳಿಸಿಕೊಂಡು ಕೂರಬೇಡಿ. ಗ್ರೀನ್‌ಬ್ಯಾಕ್‌ದು ಒಂದು, ವಿಂಟೇಜ್ 30ರದು ಒಂದು, ಹಿಂಬದಿ ತೆರೆದ ಕ್ಯಾಬಿನೆಟ್‌ದು ಒಂದು. ಒಂದೊಂದನ್ನೂ ಒಂದು ವಾರ ನುಡಿಸಿ. ಆಮೇಲೆ 80 ಹರ್ಟ್ಸ್ ಕೆಳಗಿನದನ್ನು, 8 ಕಿಲೋಹರ್ಟ್ಸ್ ಮೇಲಿನದನ್ನು ಕತ್ತರಿಸಿ, ಚಿಕ್ಕ ರಿವರ್ಬ್ ಸೇರಿಸಿ. ಆಂಪ್‌ನ ಮಾಸ್ಟರ್ 6ಕ್ಕೆ ಏರಿಸಿ, ಗಿಟಾರಿನ ವಾಲ್ಯೂಮ್ 6ರಿಂದ 10ಕ್ಕೆ ತಿರುಗಿಸುತ್ತ ನುಡಿಸಿ. ಇಎಲ್84 ಕುಗ್ಗಿ ಅರಳುವುದು ರಾತ್ರಿ ಹನ್ನೊಂದಕ್ಕೆ ಕಿವಿಯೊಳಗೆ ಕೇಳುತ್ತದೆ, ಕೋಣೆಯಲ್ಲಿ ಕೇಳುವುದು ಪ್ಲೆಕ್ಟ್ರಮ್ಮಿನ ಟಿಕ್ ಟಿಕ್ ಮತ್ತು ಫ್ಯಾನ್. ಮೊದಲ ಸಲ ಇದನ್ನು ಕೇಳಿದ ರಾತ್ರಿ ನಾನು ಎರಡು ಗಂಟೆಯವರೆಗೆ ಕೂತಲ್ಲಿಂದ ಎದ್ದಿರಲಿಲ್ಲ.

ಹೆಡ್‌ಫೋನಿನಲ್ಲಿ ಜೋರು ಎಷ್ಟಾಯಿತು ಎಂಬುದು ತಿಳಿಯುವುದಿಲ್ಲ. 85 ಡೆಸಿಬೆಲ್ ಮೀರಿ ದಿನವೂ ತಾಸುಗಟ್ಟಲೆ ಕೇಳಿದರೆ ಕಿವಿಗೆ ಶಾಶ್ವತ ಹಾನಿ. ಪಕ್ಕದಲ್ಲಿ ಯಾರಾದರೂ ಮಾತಾಡಿಸಿದರೆ ಅಲ್ಪಸ್ವಲ್ಪವಾದರೂ ಕೇಳುವಷ್ಟರಲ್ಲೇ ಇಡಿ.

ಹೊಸದಾಗಿ ಕೊಳ್ಳುವವರಿಗೆ

ಬರೀ ವ್ಯಾಟ್ ನೋಡಬೇಡಿ. ಒಳ್ಳೆಯ ಮಾಸ್ಟರ್ ನಾಬ್, ಎಫೆಕ್ಟ್ಸ್ ಲೂಪ್, ಪವರ್ ಇಳಿಸುವ ಸ್ವಿಚ್, ಸ್ಪೀಕರ್ ಕಿತ್ತು ಬೇರೆ ಹಾಕಲು ಬರುವ ಜ್ಯಾಕ್, ಇವು ಇರುವ 15-20 ವ್ಯಾಟಿನ ಆಂಪ್ ನನ್ನ ಆಯ್ಕೆ. ಮಾರ್ಷಲ್ ಡಿಎಸ್‌ಎಲ್20, ಆರೆಂಜ್ ಟೈನಿ ಟೆರರ್ ಇಂಥವು. ಟೈನಿ ಟೆರರ್‌ನಲ್ಲಿ ಲೂಪ್ ಇಲ್ಲ, ಅದೊಂದು ಕೊರತೆ. ಧೋಬಿ ತಲಾವ್‌ನ ಅಂಗಡಿಗಳಿಗೆ ಹೋದಾಗ ಆಂಪನ್ನು ಜೋರಾಗಿ ಕೇಳಿ ಮರುಳಾಗಬೇಡಿ. ನಿಮ್ಮ ಗಿಟಾರ್ ಒಯ್ಯಿರಿ, ಅಂಗಡಿಯವರ ಮಾತು ಕೇಳುವಷ್ಟು ಮೆಲ್ಲಗೆ ಇಟ್ಟು ಹತ್ತು ನಿಮಿಷ ನುಡಿಸಿ ತೀರ್ಮಾನಿಸಿ.

ಮುಂಬಯಿಯ ಮಳೆಗಾಲಕ್ಕೆ ಒಂದು ಮಾತು. ತೇವಕ್ಕೆ ಲೂಪಿನ ರಿಟರ್ನ್ ಜ್ಯಾಕಿನೊಳಗಿನ ಸಂಪರ್ಕ ಮಂಕಾಗಿ, ಆಂಪ್ ಇದ್ದಕ್ಕಿದ್ದಂತೆ ಸೊರಗುತ್ತದೆ. ಟ್ಯೂಬ್ ಬದಲಿಸುವ ಮೊದಲು ಸೆಂಡ್‌ನಿಂದ ರಿಟರ್ನ್‌ಗೆ ಒಂದು ಪ್ಯಾಚ್ ಕೇಬಲ್ ಹಾಕಿ ನೋಡಿ. ದನಿ ಮರಳಿದರೆ ಜ್ಯಾಕಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದರೆ ಸಾಕು.

ಕಾನೂನು, ವೇಳೆ, ಮತ್ತು ಜ್ಯಾಮ್ ರೂಮ್

2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್, ಎ ತೂಕದಲ್ಲಿ. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರು. ನಿಮ್ಮ ಮನೆಯ ಸಾಧನದ ದನಿ ನಿಮ್ಮ ಗಡಿಯಲ್ಲಿ ಈ ಮಿತಿಯನ್ನು 5ಕ್ಕಿಂತ ಹೆಚ್ಚು ಮೀರಬಾರದು. ಎ ತೂಕದ ಮೀಟರಿಗೆ ಕಾಣದ ಬೇಸ್ ಕೆಳಮನೆಯ ಗಾಜಿಗೆ ಕಾಣುತ್ತದೆ ಎಂಬುದನ್ನು ಮೇಲೆ ಹೇಳಿದ್ದೇನೆ. ಸೊಸೈಟಿಯ ಸೆಕ್ರೆಟರಿಗೆ ದೂರು ಹೋಗುವ ಮೊದಲೇ ನಿಮ್ಮ ವೇಳೆಯನ್ನು ಅಕ್ಕಪಕ್ಕದವರಿಗೆ ಹೇಳಿಬಿಡಿ. ಹತ್ತನೇ ತರಗತಿ ಪರೀಕ್ಷೆ ಇರುವ ಮಕ್ಕಳು ಯಾವ ಮನೆಯಲ್ಲಿದ್ದಾರೆ ಎಂದು ಕೇಳಿ, ಆ ತಿಂಗಳು ಪೂರ್ತಿ ಹೆಡ್‌ಫೋನ್ ಹಾಕಿ.

ಕೊನೆಯದಾಗಿ, ಮನೆಯ ಸೆಟ್ಟಿಂಗನ್ನು ಹಾಗೇ ಜ್ಯಾಮ್ ರೂಮಿಗೆ (ಬ್ಯಾಂಡ್ ಕೂಡಿ ಅಭ್ಯಾಸ ಮಾಡುವ ಜಾಗಕ್ಕೆ) ಒಯ್ಯಬೇಡಿ. ಜೋರಾದಾಗ ಕಿವಿಯೂ ಬೇರೆ, ಸ್ಪೀಕರೂ ಬೇರೆ. ಮನೆಯ ನಾಬ್‌ಗಳ ಫೋಟೊ ತೆಗೆದಿಟ್ಟುಕೊಂಡು, ಅಲ್ಲಿ ಗೇನ್ ಇನ್ನೂ ಒಂದು ಅಂಕ ಇಳಿಸಿ, ರಿವರ್ಬ್ ಅರ್ಧ ಮಾಡಿ, ಟ್ರೆಬಲ್ 4ಕ್ಕೆ ತನ್ನಿ. ಬೇಸನ್ನು ಮಾತ್ರ ಮುಟ್ಟಬೇಡಿ. ಅಲ್ಲಿ ಬೇಸ್ ಗಿಟಾರ್ ನುಡಿಸುವವರಿಗೆ ಆ ಜಾಗ ಬೇಕು, 3ರಲ್ಲೇ ಇರಲಿ.